ಬಲಗಡೆ ಕಿಟಕಿಯ ತಿಮಿಂಗಿಲ

ಬಾಳೂರಿನಲ್ಲಿ ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿದೆ. ಮಂಜು ಕವಿದಿತ್ತು ಎಂದು ಬರೆಯಲು ಕೈ ಹೋಗುತ್ತದೆ; ನಿಜಕ್ಕೂ ಕವಿದಿತ್ತೋ, ನವೆಂಬರ್ ಎಂದ ಕೂಡಲೇ ನಾನೇ ತಂದು ಹರಡುತ್ತಿದ್ದೇನೋ ಗೊತ್ತಿಲ್ಲ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆ, ಬಸ್ಸು ಬದಲಿಸಿ ಚಾರ್ಮಾಡಿ ಘಾಟಿ ಇಳಿದೆ, ಮಧ್ಯಾಹ್ನ ಮಂಗಳೂರಿನಲ್ಲಿ ಸ್ವೆಟರ್ ಕೈಯಲ್ಲಿ ಹಿಡಿದು ಬೆವರುತ್ತಾ ನಿಂತಿದ್ದೆ.

ಕರೆಸಿಕೊಂಡವಳು ಸುಹಾನಾ. ಮೂಡಿಗೆರೆಯಲ್ಲಿ ನಮ್ಮ ಎಸ್ಟೇಟಿನ ಜೀಪು ರಿಪೇರಿ ಮಾಡುವ ಮೆಕ್ಯಾನಿಕ್ಕರ ಮಗಳು. ಈಗ ವಿಮಾನದಿಂದ ತಿಮಿಂಗಿಲ, ಡಾಲ್ಫಿನ್, ಕಡಲಾಮೆ ಎಣಿಸುವ ತಂಡದ ಮುಖ್ಯಸ್ಥೆ. ಬಲಗಡೆ ಕಿಟಕಿಯಲ್ಲಿ ಕೂರಬೇಕಾದವರು ಜ್ವರ ಬಂದು ಮಲಗಿದ್ದರು. ನಾನು ಎಸ್ಟೇಟ್ ರೈಟರ್, ತೋಟದ ಲೆಕ್ಕ ಬರೆಯುವವನು; ಗಿಡ ನೋಡಿ ಕಾಫಿ ಫಸಲಿನ ಅಂದಾಜು ಹೇಳುವುದು ಇಪ್ಪತ್ತು ವರ್ಷದ ಅಭ್ಯಾಸ. ಆ ಕಣ್ಣಿನ ಮೇಲೆ ಅವಳಿಗೆ ನಂಬಿಕೆ.

ಸಂಜೆ ಮೀನೂಟದ ಜೊತೆ ಪಾಠವಾಯಿತು. ಕಂಡದ್ದನ್ನು ಕಂಡ ಕ್ಷಣವೇ ರೆಕಾರ್ಡರಿಗೆ ಹೇಳಬೇಕು. ಎಡಗಡೆ ಕೂರುವ ತನ್ನೊಡನೆ ಚರ್ಚಿಸಬಾರದು. ಅವಳಿಗೆ ಮುಖ್ಯವಾಗಿ ಬೇಕಿದ್ದದ್ದು ಮರಿ. ತಿಮಿಂಗಿಲದ ಜೊತೆ ಮರಿ ಕಂಡರೆ, ಅಲ್ಲಿ ಹಡಗುಗಳ ವೇಗ ತಗ್ಗಿಸಿ ಎಂದು ಕೇಳಲು ಒಂದು ಆಧಾರ ಸಿಗುತ್ತಿತ್ತು. ಹಾರಲು ಉಳಿದಿದ್ದದ್ದು ಒಂದೇ ದಿನ.

ಮರುದಿನ ಹತ್ತಿದ ವಿಮಾನ ನಮ್ಮ ಜೀಪಿಗಿಂತ ಇಕ್ಕಟ್ಟು. ಆರುನೂರು ಅಡಿ ಎತ್ತರದಲ್ಲಿ, ಗೀಟು ಎಳೆದಂತೆ ನೇರ ಹೋಗುವುದು, ತಿರುಗುವುದು, ಮತ್ತೆ ನೇರ ಬರುವುದು. ಮೊದಲು ಬರೀ ನೀರು. ಆಮೇಲೆ ಕಣ್ಣು ಪಳಗಿತು. ಕಣದಲ್ಲಿ ಹರಡಿದ ಕಾಫಿಯ ಮೇಲೆ ಬಿದ್ದ ತರಗೆಲೆಯ ಹಾಗೆ ಆಮೆಗಳು ಕಂಡವು. ಡಾಲ್ಫಿನ್ನುಗಳು ನೀರಿಗೆ ಹೊಲಿಗೆ ಹಾಕುತ್ತಾ ಹೋದವು. ಎಣಿಸಿ ಹೇಳುತ್ತಾ ಹೋದೆ.

ಹನ್ನೊಂದರ ಹೊತ್ತಿಗೆ ನೀಲಿಯೊಳಗೆ ಮಾಸಿದ ಉದ್ದನೆಯ ಬಣ್ಣವೊಂದು ಮೇಲೇಳತೊಡಗಿತು. ಎದ್ದಿತು, ಎದ್ದೇ ಎದ್ದಿತು, ಮುಗಿಯಲೇ ಇಲ್ಲ. ಬೆನ್ನು ಹೊರಬಂದು ಉಸಿರು ಬಿಟ್ಟಿತು. ಎಂಜಿನ್ನಿನ ಸದ್ದಿನಲ್ಲಿ ಆ ಉಸಿರು ಕೇಳಿಸಲು ಸಾಧ್ಯವೇ ಇಲ್ಲ, ನನಗೆ ಕೇಳಿಸಿತು. ಇಷ್ಟು ದೊಡ್ಡ ಜೀವ ನಮ್ಮ ಬೆಟ್ಟದಿಂದ ಒಂದು ದಿನದ ದಾರಿಯಲ್ಲಿ, ಯಾರಿಗೂ ಹೇಳದೆ ಬದುಕಿತ್ತು. ರೆಕಾರ್ಡರ್ ಬಾಯಿಗೆ ಹಿಡಿದೆ. “ತಿಮಿಂಗಿಲ, ಎರಡು,” ಎಂದೆ. ಪೈಲಟ್ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಅಲ್ಲಿ ನೀರಷ್ಟೇ ಇತ್ತು.

ಹಿಂದಿರುಗುವಾಗ ದೂರದಲ್ಲಿ ಕುದುರೆಮುಖದ ಸಾಲು. ಹುಟ್ಟಿದಾಗಿನಿಂದ ನೋಡಿದ ಬೆಟ್ಟವನ್ನು ಮೊದಲ ಸಲ ಬೆನ್ನ ಕಡೆಯಿಂದ ಕಂಡೆ. ಗುರುತೇ ಹತ್ತಲಿಲ್ಲ.

ಸಂಜೆ ಸುಹಾನಾ ನನ್ನ ದನಿ ಕೇಳುತ್ತಾ ಫಾರಂ ತುಂಬಿಸುತ್ತಿದ್ದಳು. ನಗು ಬಂತು ಅವಳಿಗೆ. “ಮಂಜಣ್ಣ, ನಿಮ್ ಕಿಟಕೀಲಿ ಒಂಟಿ ಪ್ರಾಣಿನೇ ಇಲ್ವಲ್ಲ ಮಾರಾಯ್ರೆ. ಎರಡು, ನಾಲ್ಕು, ಆರು. ಎಲ್ಲಾ ಮದ್ವೆ ಆಗಿ ಬಂದಿದ್ವಾ?”

ನಾನೂ ನಕ್ಕೆ. ಆಮೇಲೆ ಹೊಳೆಯಿತು. ತೋಟದಲ್ಲಿ ಸಾಲಿನ ಮಧ್ಯೆ ನಿಂತು ಗಿಡದ ಈಚೆ ಬದಿಯ ಕಾಯಿ ಎಣಿಸುತ್ತೇವೆ; ಕಾಣದ ಆಚೆ ಬದಿಗೂ ಅಷ್ಟೇ ಎಂದು ಸೇರಿಸಿ ಹೇಳುತ್ತೇವೆ. ನನ್ನ ಬಾಯಿ ಕಣ್ಣನ್ನು ಕೇಳದೆ ಕಡಲಿನಲ್ಲೂ ಅದನ್ನೇ ಮಾಡಿತ್ತು. ಇದನ್ನು ಹೇಳಿದೆ.

ಅವಳು ರೆಕಾರ್ಡರ್ ನಿಲ್ಲಿಸಿದಳು. “ಆಮೆ ಹೋಗ್ಲಿ. ತಿಮಿಂಗಿಲ?”

ಕಣ್ಣು ಮುಚ್ಚಿದೆ. ದೊಡ್ಡದರ ಪಕ್ಕದಲ್ಲಿ ಬೂದು ನೆರಳೊಂದಿತ್ತು. ನೋಡಿದ್ದೋ, ಎರಡು ಎಂದು ಹೇಳಿದ ಮೇಲೆ ಹುಟ್ಟಿಕೊಂಡದ್ದೋ? ಎಡಗಡೆ ಕಿಟಕಿಗೆ ಏನೂ ಕಂಡಿರಲಿಲ್ಲ. ನಾನು ಎರಡೆಂದರೆ ಎರಡೇ; ಅವಳಿಗೆ ಬೇಕಿದ್ದ ಮರಿಯೂ ಸಿಕ್ಕಂತೆ. ಅವಳ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.

“ಒಂದು ಕಂಡಿದ್ದು ಸತ್ಯ ಕಣೆ,” ಎಂದೆ. “ಇನ್ನೊಂದರ ಮೇಲೆ ಆಣೆ ಇಡಕ್ಕೆ ಆಗಲ್ಲ.”

ಅವಳು ಒಂದು ಎಂದು ಬರೆದಳು. ಬಲಗಡೆಯ ಉಳಿದ ಸಾಲುಗಳಿಗೆಲ್ಲ ಅಡ್ಡಗೀಟು ಎಳೆದಳು. ಬೈಯಲಿಲ್ಲ, ಟೀ ತರುತ್ತೇನೆಂದು ಹೋದವಳು ಬಹಳ ಹೊತ್ತು ಬರಲಿಲ್ಲ.

ಮರುದಿನ ಘಾಟಿ ಹತ್ತುವ ಬಸ್ಸಿನಲ್ಲಿ ಪಕ್ಕದಲ್ಲಿದ್ದವರು ಗೋಣಿಬೀಡಿನ ಮೆಣಸು ವ್ಯಾಪಾರಿ. ಎಲ್ಲ ಕೇಳಿ, ಎಷ್ಟು ತಿಮಿಂಗಿಲ ಕಂಡಿರಿ ಎಂದರು. ಒಂದು ಎಂದೆ. ಅಷ್ಟಕ್ಕೆ ವಿಮಾನವೇ ಬೇಕಿತ್ತಾ ಎಂದು ನಿದ್ದೆಗೆ ಜಾರಿದರು. ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಕೆಳಗೆ ಕಾಡು, ಆಚೆ ಬರೀ ಬಿಳಿ. ಘಾಟಿ ಮುಗಿಯುವಷ್ಟರಲ್ಲಿ ನನ್ನ ನೆನಪು ಆ ಬೂದು ನೆರಳಿಗೆ ಒಂದು ಪುಟ್ಟ ಬಾಲ ಹಚ್ಚಿಯಾಗಿತ್ತು.