ಏಳನೆಯ ಕಿಟಕಿಯ ಬೀಗ

ಎಡಚ ಮೇಸ್ತ್ರಿ ಮಾಡಿದ ತಪ್ಪು ಒಂದೇ, ಉಪಕಾರ. ಎರಡು ವರ್ಷದ ಹಿಂದೆ ಆ ಮಹಡಿ ಮನೆಯ ಅಮ್ಮಾವ್ರು ಕೀಲಿ ಒಳಗೇ ಮರೆತು, ಬಾಗಿಲು ಎಳೆದುಕೊಂಡು ಬೀದಿಯಲ್ಲಿ ನಿಂತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಮೇಸ್ತ್ರಿ ಏಣಿ ಹತ್ತಿ, ಮೇಲೆ ಕೆಳಗೆ ಜಾರುವ ಆ ಹಳೇ ಕಿಟಕಿಯ ಎರಡು ಚೌಕಟ್ಟು ಸೇರುವ ಸಂದಿಗೆ ಗಾಜಿಗೆ ಪುಟ್ಟಿ ಮೆತ್ತುವ ತೆಳು ಚಾಕು ತೂರಿಸಿ, ಚಿಲಕ ಸರಿಸಿ ಕಿಟಕಿ ಎತ್ತಿಬಿಟ್ಟ. ಬೀದಿಯವರೆಲ್ಲ ಭೇಷ್ ಎಂದರು. ಅವನೂ ಸ್ವಲ್ಪ ಉಬ್ಬಿದ. ಮೂವತ್ತು ವರ್ಷ ಕಿಟಕಿಗಳ ಜೊತೆಗೇ ಬಾಳಿದವನು ಅಷ್ಟೂ ಉಬ್ಬಬಾರದೇ?

ಕಳೆದ ತಿಂಗಳು ಅದೇ ಮನೆಯಲ್ಲಿ ಬೆಳ್ಳಿ ತಟ್ಟೆಯೊಂದು ಕಾಣೆಯಾಯಿತು. ಯಾರೂ ಮೇಸ್ತ್ರಿಯ ಹೆಸರೆತ್ತಲಿಲ್ಲ. ಏಳೂ ಕಿಟಕಿ ರಿಪೇರಿ ಮಾಡಿ ಹೊಸ ಬೀಗ ಹಾಕಿಕೊಡಬೇಕೆಂದು ಹೇಳಿಕಳುಹಿಸಿದರು, ಅಷ್ಟೇ. ಅವನ ಹೆಂಡತಿ ದಡ್ಡಿಯಲ್ಲ.

"ಹೋಗ್ಬೇಡಿ. ಆ ಬೀಗ ಯಾರಿಗೆ ಅಂತ ಗೊತ್ತಾಗಲ್ವಾ ನಿಮಗೆ?"

"ಹೋಗದಿದ್ರೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ ಕಣೇ."

ಜನ ಅವನ ಕೈಗೆ ಮನೆ ಒಪ್ಪಿಸಿ ನಿಶ್ಚಿಂತೆಯಿಂದ ಊರಿಗೆ ಹೋಗುತ್ತಿದ್ದರು. ಅವನಿಗಿದ್ದ ಆಸ್ತಿ ಅದೊಂದೇ.

ಹೋದ. ಪದರುಗಟ್ಟಿದ ಬಣ್ಣ ಕೆರೆದ, ಕಿಟಕಿ ಎತ್ತುವ ನವೆದ ಹಗ್ಗ ಬದಲಿಸಿದ, ಎತ್ತಿದ ಕಿಟಕಿ ಜಾರದಂತೆ ಪಕ್ಕದ ಪೆಟ್ಟಿಗೆಯೊಳಗೆ ಆ ಹಗ್ಗಕ್ಕೆ ನೇತಾಡುವ ಕಬ್ಬಿಣದ ಗುಂಡುಗಳನ್ನು ಸರಿತೂಗಿಸಿದ. ಬೀಗ ತಿರುಗಿಸಿದರೆ ಎರಡು ಚೌಕಟ್ಟೂ ಬಿಗಿದುಕೊಂಡು ಕಾಗದ ಕೂಡ ತೂರಬಾರದು, ಹಾಗೆ ಕೂರಿಸಿದ. ಒಂದೊಂದು ಬೀಗ ಮುಗಿದಾಗಲೂ ಅಮ್ಮಾವ್ರು ಚಹಾ ಕೊಟ್ಟು ನಯವಾಗಿ ಹೇಳುತ್ತಿದ್ದರು.

"ಹೊರಗಿನಿಂದ ಒಂದ್ಸಲ ತೆಗೆಯೋಕೆ ನೋಡಿ ಮೇಸ್ತ್ರಿ. ನಿಮ್ಮ ಕೈಲೇ ಆಗ್ಲಿಲ್ಲ ಅಂದ್ರೆ ನಮಗೆ ನೆಮ್ಮದಿ."

ಪಾಪದವನು ಹಾಡುಹಗಲೇ ಏಣಿ ಹತ್ತಿ, ಚಾಕು ಹಿಡಿದು, ಕಳ್ಳನ ಹಾಗೆ ಕಿಟಕಿ ಕೆದಕಬೇಕಿತ್ತು. ಗಾಜಿನ ಆಚೆ ಅಮ್ಮಾವ್ರು ಕಿಟಕಿಯನ್ನಲ್ಲ, ಅವನ ಮುಖವನ್ನು ನೋಡುತ್ತಿದ್ದರು. ಅಂದು ಭೇಷ್ ಎಂದವರು ಈಗ ಕೆಳಗೆ ನಿಂತು ಅವನ ಚಾಕುವನ್ನೇ ನೋಡುತ್ತಿದ್ದರು. ಆ ತಟ್ಟೆ ಸಿಕ್ಕಿಬಿಡಲಿ, ನೀವಲ್ಲ ಎಂದು ಇವರ ಬಾಯಿಂದ ಒಂದು ಮಾತು ಬರಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಳ್ಳುತ್ತಿದ್ದ.

ಏಳನೆಯ ಕಿಟಕಿಗೆ ತೂತು ಕೊರೆಯುತ್ತಿದ್ದಾಗ ಅಮ್ಮಾವ್ರು ನಗುನಗುತ್ತಾ ಬಂದರು.

"ತಟ್ಟೆ ಸಿಕ್ತು ಮೇಸ್ತ್ರಿ. ನನ್ನ ತಮ್ಮನ ಮನೇಲಿತ್ತು. ನಾನೇ ಕೊಟ್ಟು ಮರೆತುಬಿಟ್ಟಿದ್ದೆ, ನೋಡಿ ನನ್ನ ಬುದ್ಧೀನ."

ಮೇಸ್ತ್ರಿ ಡ್ರಿಲ್ ಕೆಳಗಿಟ್ಟ. ಇನ್ನೊಂದು ಮಾತು ಬರಬಹುದೆಂದು ಕಾದ. ಅವರು ಪರದೆಯ ಧೂಳು ಕೊಡವುತ್ತಿದ್ದರು.

"ಹಾಗಾದ್ರೆ ಇದಕ್ಕೆ ಬೀಗ ಬೇಡ್ವಾ ಅಮ್ಮಾ?"

"ಆರಕ್ಕೆ ಹಾಕಿ ಒಂದಕ್ಕೆ ಬಿಡೋಕಾಗುತ್ತಾ? ಹಾಕ್ಬಿಡಿ."

ಹಾಕಿದ. ಆರು ಬೀಗಕ್ಕೂ ಬೀಳದ ಸ್ಕ್ರೂ ಈಗ ಎಡಗೈಯಿಂದ ಎರಡು ಸಲ ನೆಲಕ್ಕೆ ಬಿತ್ತು. ಅಮ್ಮಾವ್ರು ಬೀಗವನ್ನು ತಿರುಗಿಸಿ ನೋಡಿದರು, ಚೆನ್ನಾಗಿದೆ ಎಂದರು, ಗಾಜಿನಾಚೆಯ ಬೀದಿಯತ್ತ ಕೈ ತೋರಿಸಿದರು.

"ಇದನ್ನೂ ಒಂದ್ಸಲ ಹೊರಗಿನಿಂದ ನೋಡ್ಬಿಡಿ."