ಕರಿಯನಿಗೊಂದು ಕೆಲಸ

ಕೊಟ್ಟೂರಿನ ದಲಾಲಿ ಅಂಗಡಿಗಳ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ. ಎದುರಿಗೇ ಗಿಡ್ಡಮ್ಮನ ಅಂಗಳ. ಮಿಷನ್ ತುಳಿಯುತ್ತ ತಲೆ ಎತ್ತಿದರೆ ಅವಳೂ ಅವಳ ನಾಯಿಗಳೂ ಕಣ್ಣಿಗೆ ಬೀಳಬೇಕು, ಬೇರೆ ದಾರಿಯಿಲ್ಲ. ಹಾಗಾಗಿ ಅವಳ ಬಗ್ಗೆ ಮಾತಾಡುವ ಹಕ್ಕು ಈ ಊರಲ್ಲಿ ನನಗಿದ್ದಷ್ಟು ಇನ್ನೊಬ್ಬರಿಗಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಶೇಂಗಾ ಗೋದಾಮುಗಳ ಕಾವಲಿಗೆ ಆಗ ಸಾಹುಕಾರರು ನಾಯಿ ಸಾಕುತ್ತಿದ್ದರು. ರಾತ್ರಿ ಕಾವಲೇನೋ ಸರಿ. ಹಗಲು ಬಂಡಿ, ಹಮಾಲರು, ರೈತರು ಓಡಾಡುವ ಜಾಗದಲ್ಲಿ ಅವುಗಳನ್ನು ಎಲ್ಲಿಡುವುದು? ಗಿಡ್ಡಮ್ಮನ ಗಂಡ ಅಲ್ಲಿಯೇ ಕಾವಲುಗಾರನಾಗಿದ್ದವನು. ಅವನು ತೀರಿಕೊಂಡ ಮೇಲೆ ಮೂರ್ನಾಲ್ಕು ಅಂಗಡಿಯವರು ಬೆಳಗ್ಗೆ ನಾಯಿಗಳನ್ನು ಅವಳ ಅಂಗಳಕ್ಕೆ ಬಿಟ್ಟು, ಸಂಜೆ ಒಯ್ಯುವ ರೂಢಿ ಮಾಡಿಕೊಂಡರು. ಅದಕ್ಕೆ ಪ್ರತಿಯಾಗಿ ಅವಳ ಮನೆಗೆ ಜೋಳ ಬರುತ್ತಿತ್ತು.

ಬೇರೆಯವರಾಗಿದ್ದರೆ ಗೂಟಕ್ಕೆ ಕಟ್ಟಿ, ನೀರಿಟ್ಟು, ತಮ್ಮ ಪಾಡಿಗೆ ತಾವು ಅಡ್ಡಾಗುತ್ತಿದ್ದರು. ಈ ಹೆಂಗಸಿನದು ಸುಮ್ಮನಿರುವ ಜಾಯಮಾನವಲ್ಲ. ಗಿರಣಿಯಿಂದ ಶೇಂಗಾ ಸಿಪ್ಪೆ ಹೊತ್ತು ತಂದು ಮೂಲೆಯಲ್ಲಿ ಗುಡ್ಡೆ ಹಾಕುವಳು. ಅದರೊಳಗೆ ರೊಟ್ಟಿ ಚೂರು ಬಚ್ಚಿಡುವಳು. ನಾಯಿಗಳು ಮೂಗು ತೂರಿಸಿ, ಕೆದರಿ, ಸೀನಿ, ಹುಡುಕಿಯೇ ತಿನ್ನಬೇಕು. ನನ್ನ ಕತ್ತರಿಯಿಂದ ಬಿದ್ದ ಚಿಂದಿಯನ್ನೆಲ್ಲ ಒಯ್ದು ಹಗ್ಗ ಹೆಣೆದು, ಒಂದು ತುದಿ ತಾನು ಹಿಡಿದು ಎಳೆದಾಡಿಸುವಳು. ಸಾಲದ್ದಕ್ಕೆ ದಿನಕ್ಕೊಂದು ಹೊಸ ವಾಸನೆ. ಒಂದು ದಿನ ಉಜ್ಜಿನಿ ಕಡೆಯಿಂದ ಬಂದ ಕುರಿಯ ಉಣ್ಣೆ, ಇನ್ನೊಂದು ದಿನ ಅರಿಷಿಣದ ಖಾಲಿ ಚೀಲ, ಮತ್ತೊಂದು ದಿನ ಹರಪನಹಳ್ಳಿ ಬಸ್ಸಿನ ಹಳೇ ಸೀಟಿನ ನಾರು.

“ಯಕ್ಕಾ, ಇವನ್ನ ಸಾಲಿಗೂ ಹಚ್ತೀಯೇನು?” ಎಂದು ನಾನು ಕೆಣಕುತ್ತಿದ್ದೆ.

“ನಾಯಿಗಿ ಕೆಲಸಿಲ್ಲ, ಕುಂದ್ರಾಕ ಪುರುಸೊತ್ತಿಲ್ಲ ಅಂತ ನಗ್ತೀರಲ್ಲ ಯಣ್ಣಾ. ಕೆಲಸ ಇಲ್ಲದ್ದಕ್ಕ ಅದಕ್ಕ ಕುಂದ್ರಾಕ ಆಗಲ್ಲ. ಕೆಲಸ ಕೊಟ್ಟು ನೋಡು, ಹೆಂಗ ಮಲಗತೈತಿ!”

ನಿಜಕ್ಕೂ ಮಧ್ಯಾಹ್ನವಾಗುತ್ತಲೇ ಅವೆಲ್ಲ ಕಾಲು ಚಾಚಿ ಮಲಗಿಬಿಡುತ್ತಿದ್ದವು. ನನ್ನ ಮಕ್ಕಳನ್ನು ಹಾಗೆ ಮಲಗಿಸುವುದು ನನ್ನ ಹೆಂಡತಿಯಿಂದಲೂ ಆಗಿರಲಿಲ್ಲ.

ಅವುಗಳಲ್ಲಿ ಕರಿಯ ಎಂಬುದು ಪಂಚಾಕ್ಷರಪ್ಪ ಸಾಹುಕಾರರ ನಾಯಿ. ಒಂದು ದಿನ ಸಾಹುಕಾರರು ಓಣಿಯಲ್ಲಿ ಹಾದುಹೋಗುವಾಗ ಅವರ ಗೋದಾಮಿಗೆ ಹುಲಿಯಂತಿರಬೇಕಾದ ಕರಿಯ ಬಾಯಲ್ಲಿ ಚಿಂದಿ ಹಗ್ಗ ಕಚ್ಚಿಕೊಂಡು ಬೆನ್ನ ಮೇಲೆ ಹೊರಳಾಡುತ್ತಿತ್ತು. ಅವರ ಮುಖ ಕೆಂಪೇರಿತು. ಹಗಲು ಕತ್ತಲಲ್ಲಿ ಕಟ್ಟಿಹಾಕಿದ ನಾಯಿಯೇ ರಾತ್ರಿ ಉಗ್ರವಾಗುತ್ತದೆ ಎಂಬುದು ನಮ್ಮ ವ್ಯಾಪಾರಸ್ಥರ ಅಪ್ಪ-ಅಜ್ಜಂದಿರ ಕಾಲದ ನಂಬಿಕೆ.

“ಕಳ್ಳ ಬಂದ್ರ ಆತನ ಜೋಡಿನೂ ಆಡತೈತಿ ಇದು,” ಎಂದು ಓಣಿಯಲ್ಲೇ ನಿಂತು ಕರಿಯನನ್ನು ಹೊರಗೆ ತರಿಸಿ, ಎಳೆದುಕೊಂಡು ಹೋಗಿ ಚೀಲದ ಕೋಣೆಯಲ್ಲಿ ಕಟ್ಟಿಸಿದರು. ಕೋಣೆಗೆ ಕಿಟಕಿಯೂ ಇರಲಿಲ್ಲ.

ಕೆಲವೇ ವಾರಗಳಲ್ಲಿ ಕರಿಯ ಉಗ್ರವಾಯಿತು, ಸಾಹುಕಾರರು ಬಯಸಿದ್ದಕ್ಕಿಂತ ಹೆಚ್ಚೇ ಉಗ್ರವಾಯಿತು. ಚೀಲ ತರಲು ಹೋದ ಹಮಾಲ ಹುಲುಗಣ್ಣನ ಮೀನಖಂಡಕ್ಕೆ ಬಾಯಿ ಹಾಕಿತು. ಪಾಪ, ಅವನು ಆಸ್ಪತ್ರೆಗೆ ಅಲೆದು ಹೊಕ್ಕುಳ ಸುತ್ತ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ಸಾಹುಕಾರರು ಕರಿಯನಿಗೆ ವಿಷದ ಗುಳಿಗೆ ಹಾಕಿಸುವುದೆಂದು ತೀರ್ಮಾನಿಸಿದರು.

ಸುದ್ದಿ ಕೇಳಿದ್ದೇ ಗಿಡ್ಡಮ್ಮ ಸೆರಗು ಬಿಗಿದು ಅಂಗಡಿಗೆ ನಡೆದಳು. ನಾನೂ ಹಿಂದೆ ಹೋದೆ. ಅವಳು ಮೆಟ್ಟಿಲ ಕೆಳಗೇ ನಿಂತಳು. ಅವಳ ಜನ ಅಲ್ಲಿಯವರೆಗೆ ಮಾತ್ರ ಹೋಗುತ್ತಿದ್ದ ಕಾಲ ಅದು.

“ಸಾವ್ಕಾರ್ರೀ, ಬರೋ ಅಮಾಸಿಗೆ ಅಂಗಡಿ ಪೂಜಿ ಮಾಡ್ತೀರಿ. ಅಲ್ಲಿ ಮಟ ಜೀವ ತೆಗಿಬ್ಯಾಡ್ರಿ, ನನಗ ಕೊಡ್ರಿ.”

ಪೂಜೆಯ ಮುಂಚೆ ಕೊಲ್ಲುವುದು ಅವರಿಗೂ ಅಳುಕೇ. “ಆತು. ಅಮಾಸಿ ದಿನ ಹುಲುಗಣ್ಣನ್ನ ಕರಕೊಂಡು ಬರ್ತೀನಿ. ಆತನ ಮ್ಯಾಲೆ ಬಿತ್ತೋ, ಅವತ್ತ ಗುಳಿಗಿ,” ಎಂದರು.

ಕರಿಯ ಮತ್ತೆ ಅಂಗಳಕ್ಕೆ ಬಂತು. ಮುಂಗಾಲನ್ನು ನೆಕ್ಕಿ ನೆಕ್ಕಿ ಕೂದಲು ಕಿತ್ತು ಹುಣ್ಣು ಮಾಡಿಕೊಂಡಿತ್ತು. ಗೋಡೆಗೆ ಮುಖ ಹಾಕಿ ಮಲಗಿತು. ಉಣ್ಣೆ ಇಟ್ಟರೆ ಮೂಸಲಿಲ್ಲ, ಹಗ್ಗ ಎಸೆದರೆ ಗುರ್ರೆಂದಿತು. ಗಿಡ್ಡಮ್ಮ ನನ್ನ ಕಟ್ಟೆಗೆ ಬಂದು, “ಇದು ಮರತೇ ಬಿಟ್ಟೈತಿ ಯಣ್ಣಾ, ನನ್ನ ಕೈಲಿ ಆಗಲ್ಲೇನೋ,” ಎಂದು ಅತ್ತಳು. ಗಂಡ ಸತ್ತಾಗಲೂ ಅವಳು ನನ್ನೆದುರು ಅತ್ತವಳಲ್ಲ.

ಅತ್ತು ಮುಗಿಸಿ, ಮೂಗೊರೆಸಿಕೊಂಡು, ಮತ್ತೆ ಅಂಗಳಕ್ಕೇ ಹೋದಳು. ಕರಿಯನ ಮೂಗಿನ ಮುಂದೆ ಒಂದು ಹಿಡಿ ಸಿಪ್ಪೆ ಹರವಿ, ಅದರ ಮೇಲೆ ರೊಟ್ಟಿ ಚೂರಿಟ್ಟು ದೂರ ಕೂತಳು. ಅದು ಕಣ್ಣಿಗೆ ಕಾಣುವ ಚೂರು, ಹುಡುಕುವ ಮಾತೇ ಇಲ್ಲ. ಸಂಜೆ ಹೊತ್ತಿಗೆ ಕರಿಯ ನಾಲಿಗೆ ಚಾಚಿ ಅದನ್ನು ಎಳೆದುಕೊಂಡಿತು. ಮರುದಿನ ಚೂರು ಅರ್ಧ ಮುಚ್ಚಿತ್ತು. ಆಮೇಲೆ ಪೂರ್ತಿ. ಹೀಗೆ ಅಂಗೈಯಗಲದ ಸಿಪ್ಪೆ ದಿನದಿನಕ್ಕೆ ಮೂಲೆಯ ಗುಡ್ಡೆಯ ಕಡೆ ಸರಿಯಿತು, ಕರಿಯನೂ ಅದರ ಹಿಂದೆ ಸರಿಯಿತು. ಕಾಲು ನೆಕ್ಕಲು ಅದಕ್ಕೆ ಪುರುಸೊತ್ತೇ ಸಿಗಲಿಲ್ಲ. ನಾನು ಒಬ್ಬರ ಅಂಗಿಯ ತೋಳು ಉಲ್ಟಾ ಹಚ್ಚಿದ್ದು ಆಗಲೇ. ಕಣ್ಣೆಲ್ಲ ಎದುರಿನ ಅಂಗಳದಲ್ಲಿ.

ಅಮಾವಾಸ್ಯೆಯ ದಿನ ಪೂಜೆ ಮುಗಿಸಿ, ಹಣೆಯಲ್ಲಿ ವಿಭೂತಿಯೊಂದಿಗೆ ಸಾಹುಕಾರರು ಬಂದರು. ಅವರ ಹಿಂದೆ ಅಡಗಿಕೊಂಡು ಹುಲುಗಣ್ಣ. ಕರಿಯ ಗುಡ್ಡೆಯಲ್ಲಿ ಕುತ್ತಿಗೆಯವರೆಗೆ ಮುಳುಗಿತ್ತು. ಹುಲುಗಣ್ಣ ಅಂಗಳಕ್ಕೆ ಕಾಲಿಟ್ಟದ್ದೇ ತಲೆ ಎತ್ತಿತು. ಗುರ್ರ್ ಎಂದಿತು. ನನ್ನ ಮಿಷನ್ ನಿಂತಿತು.

“ಹುಡುಕಲೇ ಕರಿಯಾ,” ಎಂದಳು ಗಿಡ್ಡಮ್ಮ, ಕೂತಲ್ಲಿಂದಲೇ.

ಕರಿಯ ಹುಲುಗಣ್ಣನನ್ನೊಮ್ಮೆ ನೋಡಿತು, ಗುಡ್ಡೆಯನ್ನೊಮ್ಮೆ ನೋಡಿತು. ಸಿಪ್ಪೆಯೊಳಕ್ಕೆ ಮತ್ತೆ ಮೂಗು ತೂರಿಸಿತು. ಹುಲುಗಣ್ಣ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು, ಗೋಡೆಗೆ ಆನಿಕೊಂಡು ಉಸಿರು ಬಿಟ್ಟ.

ಸಾಹುಕಾರರು ಚಪ್ಪಲಿ ಹೊರಗೆ ಬಿಟ್ಟು, ಅವಳ ಅಂಗಳದೊಳಗೆ ಮೊದಲ ಸಲ ಬಂದು, ಬಿಳಿ ಧೋತರದಲ್ಲೇ ಗುಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಗಿಡ್ಡಮ್ಮ ಒಂದು ರೊಟ್ಟಿ ಚೂರು ಅವರ ಅಂಗೈಗೆ ಹಾಕಿದಳು. ಅವರು ಅದನ್ನು ಮೊಣಕೈಯವರೆಗೆ ಕೈ ತೂರಿಸಿ ಬಚ್ಚಿಟ್ಟರು. ಕರಿಯ ಹುಡುಕಿ ತಿಂದು, ಬಂದು, ಅವರ ಮುಷ್ಟಿ ಮೂಸಿ ಬಾಲ ಅಲ್ಲಾಡಿಸಿತು.

“ಮರಿ ಇದ್ದಾಗಿಂದ ಸಾಕೀನಿ,” ಎಂದರು ಸಾಹುಕಾರರು. “ನನ್ನ ನೋಡಿ ಇದು ಬಾಲ ಆಡಿಸಿದ್ದು ಇವತ್ತೇ.”

ಆಮೇಲೆ ಗಿಡ್ಡಮ್ಮನ ಕಡೆ ಕೈ ಚಾಚಿದರು.

“ಇನ್ನೊಂದು ಚೂರು ಕೊಡು, ತಂಗೀ.”