ಅಂತರ, ಶಿಸ್ತು ಮತ್ತು ಬಾಳೆಗಿಡ

ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ಸಾಕು, ಅದಕ್ಕೊಂದು ಕನ್ನಡದ ಅಂಗಿ ತೊಡಿಸುವ ಚಪಲ ನನಗೆ. ಪ್ರೆಷರ್ ಕುಕ್ಕರಿಗೆ ‘ಒತ್ತಡಪಾಕಿ’ ಎಂದು ನಾಮಕರಣ ಮಾಡಿದಾಗ ನನ್ನ ಹೆಂಡತಿ, “ನೀವು ಹೆಸ್ರು ಇಡ್ತಾ ಕೂತ್ಕಳಿ, ಅನ್ನಕ್ಕೆ ನಾನು ಇಡ್ತೀನಿ” ಎಂದಳು. ಕುಕ್ಕರು ಇವತ್ತಿಗೂ ಕುಕ್ಕರಾಗಿಯೇ ಇದೆ. ತಿಪಟೂರಿನ ಕಾಲೇಜಿನಲ್ಲಿ ನಾನು ಹೆಸರಿಟ್ಟ ಇನ್ನೊಂದು ಕೂಸು ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಅರ್ಥಶಾಸ್ತ್ರದ ಮೇಷ್ಟ್ರು. ನಮ್ಮ ಬಿ.ಎ. ಹುಡುಗರು ಸಂತೆಯನ್ನು ಅರ್ಥಶಾಸ್ತ್ರದಲ್ಲೊಮ್ಮೆ, ಚರಿತ್ರೆಯಲ್ಲೊಮ್ಮೆ, ಸಮಾಜಶಾಸ್ತ್ರದಲ್ಲೊಮ್ಮೆ ಓದಿ, ಮೂರೂ ಬೇರೆ ಬೇರೆ ಊರಿನ ಸಂತೆಗಳೆಂದೇ ತಿಳಿದಿದ್ದರು. ಮೂರನ್ನೂ ಒಟ್ಟಿಗೆ ಕಲಿಸುವ ಹೊಸ ಪದವಿಯೊಂದನ್ನು ಯೋಜಿಸಲು ಮೂವರು ಮೇಷ್ಟ್ರುಗಳು ಕೂತೆವು. ಸಂತೆಯ ಪಾಠವನ್ನು ಯಾರು ಮಾಡಬೇಕೆಂಬ ಜಗಳದಲ್ಲೇ ಒಂದು ಬೇಸಿಗೆ ಕಳೆಯಿತು. ಚರಿತ್ರೆಯವರು ತಾವೇ ಹಿರಿಯರೆಂದರು. ಸಂತೆಗೆ ಚೀಲ ಹಿಡಿದು ಹೋಗುವವನು ನಾನು ತಾನೇ ಎಂದೆ ನಾನು.

ಹೆಸರಿಡುವ ಕೆಲಸಕ್ಕೆ ಮಾತ್ರ ಪೈಪೋಟಿ ಇರಲಿಲ್ಲ. ಇಂಗ್ಲಿಷಿನವರು ಓದುವ ವಿಷಯಕ್ಕೂ ಒಳ್ಳೆಯ ನಡತೆಗೂ ‘ಡಿಸಿಪ್ಲಿನ್’ ಎಂಬ ಒಂದೇ ಪದ ಇಟ್ಟುಕೊಂಡಿದ್ದಾರೆ. ‘ಇಂಟರ್‌ಡಿಸಿಪ್ಲಿನರಿ ಡಿಗ್ರಿ’ಯನ್ನು ನಾನು ‘ಅಂತರಶಿಸ್ತೀಯ ಪದವಿ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಬಸ್‌ಸ್ಟ್ಯಾಂಡಿನಿಂದ ಕೊಬ್ಬರಿ ಮಂಡಿಯವರೆಗೆ ಅಂಟಿಸಿದೆ. ಸಾಕಷ್ಟು ಮಕ್ಕಳು ಸೇರದಿದ್ದರೆ ಕೋರ್ಸೇ ಇಲ್ಲವೆಂದು ಮೇಲಿನವರು ಹೇಳಿದ್ದರು.

ಪ್ರವೇಶದ ದಿನ ನಮ್ಮ ಮೇಜಿಗೆ ಮೊದಲು ಬಂದವರು ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ತಂದೆ, ಮಗನ ರಟ್ಟೆ ಹಿಡಿದುಕೊಂಡೇ. “ಇವ್ನು ಮನೇಲಿ ಯಾರ ಮಾತೂ ಕೇಳಲ್ಲ ಕಣ್ರೀ. ಶಿಸ್ತಿನ ಕೋರ್ಸಂತೆ, ಸೇರಿಸ್ಕಂಡು ನಾಕು ಬಾರಿಸಿ!”

ತಪ್ಪು ಅವರದಲ್ಲ. ‘ಅಂತರ’ವನ್ನೂ ನಂಬುವಂತಿಲ್ಲ. ಅಂತರಂಗವೆಂದರೆ ಒಳಗು, ಅಂತರ ಎಂದರೆ ದೂರ. ಒಳಗನ್ನೂ ದೂರವನ್ನೂ ಒಂದೇ ಬಾಯಲ್ಲಿ ಹೇಳುವ ಪದವನ್ನು ಹಿಡಿದು ತಂದು ಗೋಡೆಗೆ ಮೆತ್ತಿದವನು ನಾನು.

ಆಮೇಲೆ ಬಂದವರು ದಂಡಿನಶಿವರದ ಬಸವರಾಜಪ್ಪ, ತೆಂಗಿನ ತೋಟದವರು. ಜೊತೆಗೆ ಮಗಳು ಗಿರಿಜೆ.

“ಗಂಡುಡುಗ್ರಿಂದ ಅಂತರ ಕಾಪಾಡ್ಕಂಡು ಶಿಸ್ತಾಗಿ ಓದೋ ಕೋರ್ಸು ಇದೇ ಅಲ್ವಾ ಮೇಷ್ಟ್ರೇ? ಬ್ಯಾರೆ ಯಾವ್ದಕ್ಕೂ ಕಳ್ಸಲ್ಲ, ಮನೇಲಿರು ಅಂದಿದ್ದೆ. ಇದಾದ್ರೆ ಓದ್ಲಿ.”

ಗಿರಿಜೆಗೆ ನಿಜ ಗೊತ್ತಿತ್ತು. ದಯವಿಟ್ಟು ಬಾಯಿ ಬಿಡಬೇಡಿ ಎಂಬಂತೆ ನನ್ನನ್ನೇ ನೋಡಿದಳು. ಮೇಜಿನ ಕೆಳಗೆ ಚರಿತ್ರೆಯವರು ನನ್ನ ಕಾಲು ತುಳಿದರು. ಆದರೆ ಪದದ ಅರ್ಥ ತಪ್ಪಿದರೆ ಮೇಷ್ಟ್ರ ನಾಲಿಗೆ ಸುಮ್ಮನಿರುತ್ತದೆಯೇ?

“ಹಾಗಲ್ಲ ಯಜಮಾನ್ರೇ, ಅಂತರಬೆಳೆ ಇದ್ದ ಹಾಗೆ. ತೆಂಗಿನ ಸಾಲಿನ ನಡುವೆ ಬಾಳೆ ಬೆಳೀತೀರಲ್ಲ...”

“ಅಂದ್ರೆ ನಡುವೆ ಏನೋ ಬೆಳೀತದೆ ಅನ್ನಿ!” ಬಸವರಾಜಪ್ಪ ಟವೆಲ್ ಕೊಡವಿ ಎದ್ದೇಬಿಟ್ಟರು. “ನಡಿಯವ್ವ ಮನೆಗೆ.”

ಅಯ್ಯೋ ನನ್ನ ನಾಲಿಗೆಯೇ! ಒಂದು ಹುಡುಗಿಯ ಓದನ್ನು ನಾನೇ ಕೈಯಾರೆ ಮುಗಿಸಿದೆನಲ್ಲ!

ಗಿರಿಜೆ ಏಳಲಿಲ್ಲ. “ಅಪ್ಪಾ, ನಮ್ಮ ತೋಟದಾಗೆ ಬಾಳೆ ಹಾಕಿ ಎಷ್ಟ್ ವರ್ಸ ಆಯ್ತು? ತೆಂಗೇನು ಬಾಳೆ ಆಗೋಯ್ತಾ?”

“ಅದೆಂಗಾಯ್ತದೆ?”

“ನಾನೂ ಅಷ್ಟೇಯ. ಯಾರ ಜೊತೆ ಕೂತು ಓದುದ್ರೂ ನಿನ್ನ ಮಗಳೇಯ.”

ಬಸವರಾಜಪ್ಪ ಬಾಗಿಲ ಕಡೆ ನೋಡಿದರು, ಮಗಳ ಕಡೆ ನೋಡಿದರು, ಕೊನೆಗೆ ಕುರ್ಚಿಗೇ ವಾಪಸಾದರು. “ಬಾಯಿ ನೋಡ್ರಿ ಇವಳ್ದು! ಬರ್ಕಳಿ ಮೇಷ್ಟ್ರೇ ಹೆಸ್ರ.”

ಅವಳು ಸೇರಿದಳು, ಕೋರ್ಸೂ ಶುರುವಾಯಿತು. ಸಂತೆಯ ಪಾಠವನ್ನು ಮೂವರೂ ಒಟ್ಟಿಗೇ ಮಾಡುವುದೆಂದು ರಾಜಿಯಾಗಿತ್ತು. ಮೊದಲ ದಿನ ವೇದಿಕೆ ಹತ್ತಿ, ಒಬ್ಬರ ವಿಷಯದ ಗಾಳಿ ಇನ್ನೊಬ್ಬರಿಗೆ ಸೋಕದ ಹಾಗೆ ಕುರ್ಚಿ ಎಳೆದುಕೊಂಡು, ಆ ಮೂಲೆಗೊಬ್ಬರು, ಈ ಮೂಲೆಗೊಬ್ಬರು, ನಡುವೆ ಒಬ್ಬರು ಕೂತೆವು.

ಮುಂದಿನ ಬೆಂಚಿನಿಂದ ಗಿರಿಜೆ ಎದ್ದು ನಿಂತಳು. “ಸಾರ್, ಅಂತರ ಕಾಪಾಡ್ಬೇಕಾದೋರು ನೀವಾ?”

ಕ್ಲಾಸೆಲ್ಲ ಗೊಳ್ಳೆಂದಿತು. ನಾವು ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡೆವು.